ಬೆಲ್ಲದ ಪಾಕ, ಬಾಟ್ಲಿ, ಮತ್ತು ಬಾಟ್ಲಿಯ ಮೇಲಿನ ಚೀಟಿ



ಬೇಸಿಗೆಯ ಬಿಸಿಲು ನಮಗೆ ಹೊಸದಲ್ಲ. ಯಾದಗಿರಿ ಇರಲಿ, ಶಹಾಪುರ ಇರಲಿ, ಸುರಪುರ ಇರಲಿ, ಮಧ್ಯಾಹ್ನ ಹೊರಗೆ ಕಾಲಿಟ್ಟರೆ ನೆಲ ಸುಡುತ್ತದೆ. ಹೊಲದಿಂದ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಡುತ್ತೇವೆ. ಯುಗಾದಿಗೆ ಬೇವು ಮಾಡುತ್ತೇವೆ. ಶ್ರೀರಾಮನವಮಿಗೆ ಪಾನಕ ಮಾಡುತ್ತೇವೆ. ಎಲ್ಲದಕ್ಕೂ ಬೆಲ್ಲವೇ ಬೇಕು.

ಈ ಬೆಲ್ಲವನ್ನು ಪಾಕ ಮಾಡಿ ಬಾಟ್ಲಿಯಲ್ಲಿ ತುಂಬಿ ಇಡಬಹುದು. ಮಲೆನಾಡಿನ ಕಡೆ ಕಬ್ಬಿನ ಹಾಲನ್ನೇ ಕಾಯಿಸಿ, ಗಟ್ಟಿ ಬೆಲ್ಲ ಆಗುವ ಮೊದಲೇ ಇಳಿಸಿ ಇಡುತ್ತಾರೆ. ಅದಕ್ಕೆ ಜೋನಿಬೆಲ್ಲ ಎನ್ನುತ್ತಾರೆ. ದೋಸೆಗೆ, ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಗಾಣ ಇಲ್ಲದಿದ್ದರೇನು? ಅಂಗಡಿಯ ಬೆಲ್ಲದಿಂದಲೇ ಅಂಥ ಪಾಕ ಮಾಡಬಹುದು.

"ಬೆಲ್ಲ ಇದ್ದ ಮ್ಯಾಲ ಪಾಕ ಯಾಕ ಬೇಕ್ರಿ? ಎರಡು ಕೆಲಸ ಆಯ್ತಲ್ಲ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಮಳೆಗಾಲದಲ್ಲಿ ಬೆಲ್ಲದ ಪೆಂಟಿ ಏನಾಗುತ್ತದೆ, ನೆನಪು ಮಾಡಿಕೊಳ್ಳಿ. ಗಾಳಿಯ ತೇವ ಕುಡಿದು ಜಿನುಗುತ್ತದೆ. ಇರುವೆ ಮುತ್ತುತ್ತವೆ. ಮೇಲೆ ಬೂಸು ಬರುತ್ತದೆ. ಪಾಕ ಮಾಡಿ ಬಾಟ್ಲಿಯಲ್ಲಿ ಮುಚ್ಚಿಟ್ಟರೆ ತೇವ ಒಳಗೆ ಹೋಗುವುದಿಲ್ಲ. ಬೆಲ್ಲದಲ್ಲಿದ್ದ ಮಣ್ಣು, ಕಸ, ಸಿಪ್ಪೆ ಮೊದಲೇ ಸೋಸಿ ಹೋಗಿರುತ್ತದೆ. ಬೇಕೆಂದಾಗ ಎರಡು ಚಮಚ ನೀರಿಗೆ ಹಾಕಿ, ನಿಂಬೆಹಣ್ಣು ಹಿಂಡಿದರೆ ಪಾನಕ ಸಿದ್ಧ. ಒಲೆ ಹೊತ್ತಿಸುವ ಕೆಲಸವೇ ಇಲ್ಲ.

ಆದರೆ ಒಂದು ಮಾತು. ಪಾಕ ಮಾಡುವುದು ಸುಲಭ. ಅದನ್ನು ಕೆಡದಂತೆ ಇಡುವುದರಲ್ಲೇ ಜಾಣತನ ಇದೆ. ಯಾವ ಬಾಟ್ಲಿಯಲ್ಲಿ ಇಡುತ್ತೇವೆ ಎಂಬುದು ಅದಕ್ಕಿಂತ ದೊಡ್ಡ ಮಾತು. ಅದನ್ನು ಮುಂದೆ ಹೇಳುತ್ತೇನೆ.

ತೆಳು ಪಾಕ ಯಾಕೆ ಕೆಡುತ್ತದೆ?

ಈಚಲು ಗಿಡದ ನೀರಾ ನೋಡಿದ್ದೀರಲ್ಲ? ಮುಂಜಾನೆ ಇಳಿಸಿದಾಗ ಸಿಹಿಯಾಗಿರುತ್ತದೆ. ಹೊತ್ತು ಏರಿದಂತೆ ನೊರೆ ಬರುತ್ತದೆ, ಹುಳಿ ವಾಸನೆ ಬರುತ್ತದೆ. ಅದು ಸೇಂದಿ ಆಗುತ್ತದೆ. ಯಾರೂ ಅದಕ್ಕೆ ಏನೂ ಹಾಕುವುದಿಲ್ಲ. ಹಾಗಾದರೆ ಹುಳಿ ಹಿಡಿಸಿದವರು ಯಾರು?

ಕಣ್ಣಿಗೆ ಕಾಣದ ಸಣ್ಣ ಜೀವಿಗಳು. ಅವು ಗಾಳಿಯಲ್ಲಿವೆ, ಮಡಕೆಯಲ್ಲಿವೆ, ನಮ್ಮ ಕೈಯಲ್ಲಿವೆ. ಸಿಹಿ ನೀರು ಸಿಕ್ಕರೆ ಸಾಕು, ಅವು ತಿಂದು ಬೆಳೆಯುತ್ತವೆ. ಅವಕ್ಕೆ ಸಿಹಿಯೂ ಬೇಕು, ನೀರೂ ಬೇಕು. ನೀರಾದಲ್ಲಿ ಎರಡೂ ಧಾರಾಳವಾಗಿ ಇವೆ.

ಈಗ ಉಪ್ಪಿನಕಾಯಿ ನೆನೆಸಿಕೊಳ್ಳಿ. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ಮರುದಿನ ನೀರು ಬಿಟ್ಟಿರುತ್ತದೆ. ಉಪ್ಪು ಹೋಳಿನ ಒಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಗಟ್ಟಿ ಪಾಕವೂ ಹೀಗೆಯೇ. ಸಕ್ಕರೆ ಅಂಶ ಹೆಚ್ಚಾದಾಗ ಅದು ಆ ಸಣ್ಣ ಜೀವಿಗಳ ಮೈಯಲ್ಲಿನ ನೀರನ್ನೇ ಎಳೆದುಕೊಳ್ಳುತ್ತದೆ. ಅವು ಬೆಳೆಯುವುದಿಲ್ಲ. ಆದ್ದರಿಂದ ತೆಳು ಪಾಕ ಕೆಡುತ್ತದೆ, ಗಟ್ಟಿ ಪಾಕ ಉಳಿಯುತ್ತದೆ.

ಎಷ್ಟು ಗಟ್ಟಿ ಇರಬೇಕು? 100 ಗ್ರಾಂ ಪಾಕದಲ್ಲಿ 66 ಗ್ರಾಂನಷ್ಟು ಸಕ್ಕರೆ ಅಂಶ, ಉಳಿದದ್ದು ನೀರು.

ಈ ಲೆಕ್ಕ ನಮ್ಮ ದೇಶದ್ದು ಮಾತ್ರವಲ್ಲ. ಬಹಳ ದೂರದ ಕೆನಡಾ, ಅಮೆರಿಕ ದೇಶಗಳ ಚಳಿ ಸೀಮೆಯಲ್ಲಿ ಮೇಪಲ್ ಎಂಬ ಮರ ಇದೆ. ಚಳಿಗಾಲ ಮುಗಿಯುವ ಹೊತ್ತಿಗೆ ಆ ಮರಕ್ಕೆ ಸಣ್ಣ ತೂತು ಕೊರೆದು, ತೊಟ್ಟಿಕ್ಕುವ ನೀರು ಹಿಡಿಯುತ್ತಾರೆ. ಅಲ್ಲಿನ ಮೂಲನಿವಾಸಿಗಳು ಇದನ್ನು ಬಹಳ ಹಿಂದಿನಿಂದ ಬಲ್ಲವರು. ಆ ನೀರು ಬಹಳ ತೆಳು. ಸುಮಾರು 40 ಲೀಟರ್ ಕಾಯಿಸಿದರೆ 1 ಲೀಟರ್ ಪಾಕ ಆಗುತ್ತದೆ! ಎಷ್ಟು ಕಟ್ಟಿಗೆ ಸುಡಬೇಕು ನೋಡಿ. ಕಬ್ಬಿನ ಹಾಲಾದರೆ 4–5 ಲೀಟರಿಗೇ 1 ಲೀಟರ್ ಪಾಕ ಬರುತ್ತದೆ. ಅವರ ಪಾಕಕ್ಕೂ ಇದೇ 66ರ ಲೆಕ್ಕ. ಅವರೂ ಬಿಸಿ ಇರುವಾಗಲೇ ಶುದ್ಧ ಬಾಟ್ಲಿಗೆ ತುಂಬುತ್ತಾರೆ.

ಪಾಕ ಮಾಡುವ ರೀತಿ

1 ಕಿಲೋ ಬೆಲ್ಲ, ಅರ್ಧ ಲೀಟರ್ ನೀರು, ಅರ್ಧ ನಿಂಬೆಹಣ್ಣು. ಇಷ್ಟೇ ಸಾಮಾನು. ಇದರಿಂದ ಸುಮಾರು 1 ಲೀಟರ್ ಪಾಕ ಬರುತ್ತದೆ.

ಬೆಲ್ಲ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಹಳದಿ ಹೊಳೆಯುವ ಬೆಲ್ಲಕ್ಕೆ ಎಷ್ಟೋ ಸಲ ಬಣ್ಣ ತಿಳಿ ಮಾಡುವ ರಾಸಾಯನಿಕ ಹಾಕಿರುತ್ತಾರೆ. ಗಾಣದವರು ಅದಕ್ಕೆ ಹೈಡ್ರೋಸ್ ಎನ್ನುತ್ತಾರೆ. ಕಂದು ಬಣ್ಣದ ಬೆಲ್ಲ ನೋಡಲು ಚೆಂದ ಇರಲಿಕ್ಕಿಲ್ಲ. ನನಗೆ ಅದೇ ಒಳ್ಳೆಯದು ಅನಿಸುತ್ತದೆ.

ಬೆಲ್ಲ ಕುಟ್ಟಿ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಕರಗಿಸಿ. ಕರಗಿದ ಮೇಲೆ ಇಳಿಸಿ, ಒಂದು ತಾಸು ಹಾಗೇ ಬಿಡಿ. ಮಣ್ಣು ತಳಕ್ಕೆ ಕೂಡುತ್ತದೆ. ಮೇಲಿನ ತಿಳಿಯನ್ನು ಎರಡು ಪದರು ಬಟ್ಟೆಯಲ್ಲಿ ಸೋಸಿ. ತಳದ ಮಡ್ಡಿಯನ್ನು ಎಮ್ಮೆ-ಆಕಳ ಕಲಗಚ್ಚಿಗೆ ಹಾಕಿ.

ಪಾತ್ರೆ ಸ್ಟೀಲಿನದು ಇರಲಿ. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆ ಬೇಡ. ನಿಂಬೆ ಹುಳಿ ತಾಗಿದರೆ ಅದರ ಕಿಲುಬು ಪಾಕಕ್ಕೆ ಇಳಿಯುತ್ತದೆ. ಅದು ಹೊಟ್ಟೆಗೆ ವಿಷ.

ಸೋಸಿದ ಬೆಲ್ಲದ ನೀರನ್ನು ಮತ್ತೆ ಒಲೆಗೆ ಇಟ್ಟು ಕುದಿಸಿ. ಮೇಲೆ ಬರುವ ನೊರೆ ತೆಗೆಯುತ್ತಿರಿ. ಕುದಿ ಹತ್ತಿದ ಮೇಲೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿ. ನಿಂಬೆ ಯಾಕೆ? ಪಾಕ ಬಾಟ್ಲಿಯಲ್ಲಿ ಹರಳು ಕಟ್ಟದೆ ಇರಲಿ ಎಂದು. ಹುಳಿ ತಾಗಿದಾಗ ಸಕ್ಕರೆಯ ಸ್ವಲ್ಪ ಭಾಗ ಒಡೆದು ಬೇರೆ ಬಗೆಯ ಸಿಹಿ ಆಗುತ್ತದೆ. ಅದು ಹರಳಾಗುವುದನ್ನು ತಡೆಯುತ್ತದೆ.

ಎಷ್ಟು ಹೊತ್ತು ಕುದಿಸಬೇಕು? ಇದಕ್ಕೆ ಗಡಿಯಾರ ಬೇಡ. ನಿಮ್ಮ ಬೆರಳೇ ಹೇಳುತ್ತದೆ. ಚಮಚದಲ್ಲಿ ಒಂದು ಹನಿ ತೆಗೆದು ಊದಿ ಆರಿಸಿ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಬಿಡಿಸಿ. ಒಂದು ಎಳೆ ಬಂದು ತುಂಡಾದರೆ ಸಾಕು, ಇಳಿಸಿ. ಉಂಡೆಯ ಪಾಕದವರೆಗೆ ಬಿಟ್ಟರೆ ಅದು ಮತ್ತೆ ಬೆಲ್ಲವೇ ಆಗುತ್ತದೆ!

ಕುದಿಯುವ ಪಾಕ ಕುದಿಯುವ ನೀರಿಗಿಂತ ಕೆಟ್ಟದ್ದು. ನೀರು ಜಾರಿ ಹೋಗುತ್ತದೆ, ಪಾಕ ಮೈಗೆ ಅಂಟಿಕೊಂಡು ಸುಡುತ್ತದೆ. ಕೂಸುಗಳನ್ನು ಒಲೆಯ ಹತ್ತಿರ ಬಿಡಬೇಡಿ. ಸುಟ್ಟರೆ ಕೂಡಲೇ ತಣ್ಣೀರು ಸುರಿಯಿರಿ. 20 ನಿಮಿಷ ಸುರಿಯುತ್ತಲೇ ಇರಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ ಹಚ್ಚಬೇಡಿ. ಗಾಯ ದೊಡ್ಡದಿದ್ದರೆ ದವಾಖಾನೆಗೆ ಹೋಗಿ.

ತಕ್ಕಡಿಯ ಪರೀಕ್ಷೆ

ಎಳೆಯ ಅಂದಾಜು ತಪ್ಪಬಹುದು. ಆದರೆ ತಕ್ಕಡಿ ತಪ್ಪುವುದಿಲ್ಲ. ನಿಮಗೆ ಈಗ ಅಂಕಿ ಓದಲು ಬರುತ್ತದಲ್ಲ? ಹಾಗಾದರೆ ಇದನ್ನು ಮಾಡಿ ನೋಡಿ.

ಅರ್ಧ ಲೀಟರಿನ ಗಾಜಿನ ಬಾಟ್ಲಿ ತೆಗೆದುಕೊಳ್ಳಿ. ಪಾಕ ತುಂಬುವ ಮೊದಲು, ಮುಚ್ಚಳದ ಸಮೇತ ಖಾಲಿ ಬಾಟ್ಲಿಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಬರೆದಿಡಿ. 300 ಗ್ರಾಂ ಬಂತು ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಸರಿಯಾಗಿ ಅರ್ಧ ಲೀಟರ್ ಪಾಕ ತುಂಬಿ, ಪೂರ್ತಿ ತಣಿದ ಮೇಲೆ ಮತ್ತೆ ತೂಗಿಸಿ. 960 ಗ್ರಾಂ ಬಂತು. 960ರಲ್ಲಿ 300 ಕಳೆದರೆ 660. ಅರ್ಧ ಲೀಟರ್ ನೀರಾದರೆ 500 ಗ್ರಾಂ ತೂಗುತ್ತಿತ್ತು. ಪಾಕ 660 ಗ್ರಾಂ ತೂಗಿತು. ಇದು ಸರಿಯಾದ ಪಾಕ.

650ಕ್ಕಿಂತ ಕಡಿಮೆ ಬಂದರೆ ಪಾಕ ತೆಳು ಆಗಿದೆ. ಪಾತ್ರೆಗೆ ಸುರಿದು ಮತ್ತೆ ಕುದಿಸಿ. 700ರ ಹತ್ತಿರ ಬಂದರೆ ಬಹಳ ಗಟ್ಟಿ ಆಗಿದೆ. ಕೆಡುವುದಿಲ್ಲ, ಆದರೆ ತಳದಲ್ಲಿ ಹರಳು ಕೂಡುತ್ತದೆ. ಒಮ್ಮೆ ತೂಗಿ ನೋಡಿದರೆ ಸಾಕು. ಎರಡನೆಯ ಸಲಕ್ಕೆ ನಿಮ್ಮ ಬೆರಳಿಗೆ ಅಂದಾಜು ಸಿಕ್ಕಿರುತ್ತದೆ.

ಯಾವ ಬಾಟ್ಲಿ ಒಳ್ಳೆಯದು? ಯಾವುದು ಬೇಡವೇ ಬೇಡ?

ಈಗ ಆ ದೊಡ್ಡ ಮಾತಿಗೆ ಬರೋಣ.

ನಮ್ಮದು ಹತ್ತಿ, ಭತ್ತ, ಮೆಣಸಿನಕಾಯಿ ಬೆಳೆಯುವ ಸೀಮೆ. ಕೃಷ್ಣಾ ಕಾಲುವೆಯ ನೀರು ಬಂದಲ್ಲಿ ಬೆಳೆ ಹೆಚ್ಚಿತು. ಬೆಳೆಗೆ ಹೊಡೆಯುವ ಎಣ್ಣಿಯೂ ಹೆಚ್ಚಿತು. ಹೊಲದ ಬದುವಿನ ಮೇಲೆ, ಕಾಲುವೆಯ ದಂಡೆಯ ಮೇಲೆ ಖಾಲಿ ಡಬ್ಬಿ, ಬಾಟ್ಲಿ ಬಿದ್ದಿರುತ್ತವೆ. ಗಟ್ಟಿ ಇರುತ್ತವೆ, ಮುಚ್ಚಳ ಬಿಗಿ ಇರುತ್ತದೆ, ನೋಡಲು ಚೆಂದ ಇರುತ್ತವೆ. "ಸೋಡಾ ಹಾಕಿ ಚೆಂದಗೆ ತೊಳದರ ಆಯ್ತು ಬಿಡ್ರಿ" ಎನ್ನುವವರು ಇದ್ದಾರೆ.

ಆಗುವುದಿಲ್ಲ. ಬಿಸಿನೀರು, ಬೂದಿ, ಸೋಡಾ, ಹುಣಸೆಹುಳಿ ಯಾವುದರಿಂದ ತಿಕ್ಕಿದರೂ ಆ ಡಬ್ಬಿಯನ್ನು ನಂಬುವ ಹಾಗಿಲ್ಲ. ವಿಷ ಪ್ಲಾಸ್ಟಿಕ್ಕಿನ ಒಳಗೇ ಹೀರಿಕೊಂಡಿರುತ್ತದೆ. ಮುಚ್ಚಳದ ಸಂದಿಯಲ್ಲಿ ಕುಳಿತಿರುತ್ತದೆ. ವಾಸನೆ ಹೋಯಿತು ಅಂದರೆ ವಿಷ ಹೋಯಿತು ಅಂತ ಅಲ್ಲ.

2013ರ ಜುಲೈ ತಿಂಗಳಲ್ಲಿ ಬಿಹಾರದ ಒಂದು ಹಳ್ಳಿಯ ಶಾಲೆಯಲ್ಲಿ ಮಕ್ಕಳು ಮಧ್ಯಾಹ್ನದ ಬಿಸಿಯೂಟ ಮಾಡಿದರು. 23 ಮಕ್ಕಳು ಸತ್ತರು. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದಾಗ ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೊಟೊಫಾಸ್ ಎಂಬ ಕೀಟನಾಶಕ ಸಿಕ್ಕಿತು. ಎಣ್ಣೆ ಇಟ್ಟಿದ್ದ ಡಬ್ಬಿಯಲ್ಲೂ ಅದೇ ವಿಷ ಇತ್ತು. ನಮ್ಮ ಕಡೆಯ ಹತ್ತಿ ಹೊಲದವರಿಗೆ ಆ ಹೆಸರು ಹೊಸದಲ್ಲ.

ಕೀಟನಾಶಕದ ಡಬ್ಬಿಯ ಮೇಲೆ ಒಂದು ಗುರುತು ಇರುತ್ತದೆ. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದ ಹಾಗೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಇರುತ್ತದೆ. ಕೆಂಪು ಎಲ್ಲಕ್ಕಿಂತ ಘೋರ ವಿಷ. ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಇದ್ದರೆ ಅಡುಗೆಮನೆಗೆ ತರಬಹುದು ಎಂದಲ್ಲ. ಯಾವ ಬಣ್ಣದ್ದೂ ಬೇಡ. ಖಾಲಿ ಡಬ್ಬಿಯನ್ನು ಹೊಲದಲ್ಲೇ ಮೂರು ಸಲ ತೊಳೆದು, ಆ ನೀರನ್ನು ಹೊಡೆಯುವ ಪಂಪಿಗೇ ಹಾಕಬೇಕು. ಡಬ್ಬಿಗೆ ತೂತು ಹೊಡೆಯಬೇಕು. ತೂತು ಬಿದ್ದ ಡಬ್ಬಿಯನ್ನು ಯಾರೂ ಮನೆಗೆ ತರುವುದಿಲ್ಲ. ಈ ಕೆಲಸ ಗಂಡಸರದು ಎಂದು ಬಿಡಬೇಡಿ. ಮಾಡಿದರೋ ಇಲ್ಲವೋ ಕೇಳಿ.

ಇನ್ನೊಂದು ಅಪಾಯ ಇದೆ. ಒಂದು ದೊಡ್ಡ ಡಬ್ಬಿ ಎಣ್ಣಿ ತಂದು ಇಬ್ಬರು ಮೂವರು ಹಂಚಿಕೊಳ್ಳುತ್ತಾರೆ. ಹಂಚಲು ಕೈಗೆ ಸಿಕ್ಕ ಸಾರಾಯಿ ಬಾಟ್ಲಿ, ನೀರಿನ ಬಾಟ್ಲಿ ತೆಗೆದುಕೊಳ್ಳುತ್ತಾರೆ. ಅದರ ಮೇಲೆ ಯಾವ ಗುರುತೂ ಇರುವುದಿಲ್ಲ. ಆದ್ದರಿಂದ ಹಾದಿಯಲ್ಲಿ, ಹೊಲದಲ್ಲಿ ಬಿದ್ದ ಬಾಟ್ಲಿಯನ್ನು ಆರಿಸಿ ತರಲೇಬೇಡಿ. ಅದರಲ್ಲಿ ಮೊದಲು ಏನಿತ್ತು ಎಂದು ಬಾಟ್ಲಿ ಹೇಳುವುದಿಲ್ಲ. ಸೀಮೆಎಣ್ಣೆ, ಫಿನೈಲ್, ಆಸಿಡ್ ಇದ್ದ ಬಾಟ್ಲಿಯೂ ಬೇಡ.

ಹಾಗಾದರೆ ಯಾವುದು ಬೇಕು? ತಿನ್ನುವ ಪದಾರ್ಥ ತುಂಬಿಕೊಂಡೇ ನಿಮ್ಮ ಮನೆಗೆ ಬಂದ ಗಾಜಿನ ಬಾಟ್ಲಿ. ಜಾಮ್, ಜೇನು, ಶರಬತ್ತಿನ ಬಾಟ್ಲಿ. ಇಲ್ಲವಾದರೆ ಸಂತೆಯಲ್ಲಿ, ಜಾತ್ರೆಯಲ್ಲಿ ಹೊಸದು ಕೊಳ್ಳಿ. ತಿಂಥಣಿ ಜಾತ್ರೆಯಲ್ಲಿ, ಮೈಲಾಪುರ ಜಾತ್ರೆಯಲ್ಲಿ ಬಳೆ ಕೊಳ್ಳುವಾಗ ಎರಡು ಬಾಟ್ಲಿಯನ್ನೂ ಚೌಕಾಸಿ ಮಾಡಿ! ಒಂದು ದೊಡ್ಡದಕ್ಕಿಂತ ನಾಲ್ಕು ಸಣ್ಣವು ಒಳ್ಳೆಯವು. ಒಂದನ್ನು ತೆರೆದು ಬಳಸುವಾಗ ಉಳಿದ ಮೂರು ಮುಚ್ಚಿಯೇ ಇರುತ್ತವೆ. ಕುಡಿಯುವ ನೀರಿನ ತೆಳು ಪ್ಲಾಸ್ಟಿಕ್ ಬಾಟ್ಲಿಗೆ ಬಿಸಿ ಪಾಕ ಸುರಿದರೆ ಅದು ಮುದುಡಿ ಹೋಗುತ್ತದೆ. ಅದು ಬೇಡ.

ತುಂಬುವುದು

ಬಾಟ್ಲಿಗಳನ್ನು ಸಾಬೂನಿನಿಂದ ತೊಳೆಯಿರಿ. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಾಟ್ಲಿ ಮಲಗಿಸಿ, ಮುಳುಗುವಷ್ಟು ತಣ್ಣೀರು ಹಾಕಿ ಒಲೆಗೆ ಇಡಿ. ಕುದಿ ಬಂದ ಮೇಲೆ 10 ನಿಮಿಷ ಬಿಡಿ. ಮುಚ್ಚಳಗಳನ್ನೂ ಕೊನೆಗೆ ಕುದಿನೀರಿಗೆ ಹಾಕಿ ತೆಗೆಯಿರಿ. ಬಾಟ್ಲಿ ತೆಗೆದು ಶುದ್ಧ ಬಟ್ಟೆಯ ಮೇಲೆ ಬೋರಲು ಇಡಿ. ಒಳಗೆ ಒಂದು ಹನಿ ನೀರೂ ಉಳಿಯಬಾರದು.

ಈ ಒಂದು ಹನಿಯ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಸಲ ಅವಸರದಲ್ಲಿ ಹಸಿ ಬಾಟ್ಲಿಗೆ ಪಾಕ ತುಂಬಿಬಿಟ್ಟೆ. ಪಾಕ ಸರಿಯಾಗಿಯೇ ಇತ್ತು. ಇಪ್ಪತ್ತು ದಿನಕ್ಕೆ ಮೇಲೆ ಬಿಳಿ ಬೂಸು ಬಂತು. ಯಾಕೆ ಅಂದರೆ, ಆ ಹಸಿ ನೀರು ಪಾಕದ ಮೇಲೆ ನಿಂತು ಅಲ್ಲಿ ಮಾತ್ರ ತೆಳು ಮಾಡಿತ್ತು. ತೆಳು ಆದಲ್ಲಿ ಬೂಸು ಹುಟ್ಟಿತು. ಬೆಲ್ಲವೂ ಹೋಯಿತು, ಕಟ್ಟಿಗೆಯೂ ಹೋಯಿತು.

ಬಾಟ್ಲಿ ಇನ್ನೂ ಬೆಚ್ಚಗಿರುವಾಗಲೇ ಪಾಕ ತುಂಬಿ. ಪಾಕ ಹಬೆಯಾಡುವಷ್ಟು ಬಿಸಿ ಇರಬೇಕು. ತಣ್ಣನೆಯ ಬಾಟ್ಲಿಗೆ ಬಿಸಿ ಪಾಕ ಹಾಕಿದರೆ ಗಾಜು ಸೀಳುತ್ತದೆ. ಬಾಟ್ಲಿಯನ್ನು ಕಲ್ಲಿನ ಕಟ್ಟೆಯ ಮೇಲೆ ಇಡದೆ, ಮಡಚಿದ ಬಟ್ಟೆಯ ಮೇಲೆ ಇಡಿ. ಬಾಯಿಗಿಂತ ಸ್ವಲ್ಪವೇ ಕೆಳಗಿನವರೆಗೆ ತುಂಬಿ. ಬಾಯಿ ಒರೆಸಿ, ಮುಚ್ಚಳ ಬಿಗಿ ಮಾಡಿ. ಆಮೇಲೆ ಬಟ್ಟೆಯಿಂದ ಹಿಡಿದು ಬಾಟ್ಲಿಯನ್ನು ಎರಡು ನಿಮಿಷ ಅಡ್ಡ ಮಲಗಿಸಿ. ಬಿಸಿ ಪಾಕ ಮುಚ್ಚಳದ ಒಳಗೂ ತಾಗಿ, ಅಲ್ಲಿ ಉಳಿದ ಜೀವಿಗಳನ್ನು ಕೊಲ್ಲುತ್ತದೆ. ನಂತರ ನಿಲ್ಲಿಸಿ ತಣಿಯಲು ಬಿಡಿ.

ಇಡುವುದು, ತೆಗೆಯುವುದು

ಒಲೆಯ ಮಗ್ಗುಲು ಬೇಡ, ತಗಡಿನ ಮಾಡಿನ ಕೆಳಗಿನ ಅಟ್ಟವೂ ಬೇಡ. ಮನೆಯಲ್ಲಿ ತಂಪಾದ, ಕತ್ತಲೆ ಇರುವ ಮೂಲೆ ನೋಡಿ ಇಡಿ. ಇರುವೆ ಬಂದರೆ ನೀರು ಹಾಕಿದ ತಾಟಿನಲ್ಲಿ ಬಾಟ್ಲಿ ನಿಲ್ಲಿಸಿ. ಸರಿಯಾಗಿ ತುಂಬಿ ಮುಚ್ಚಿದ್ದು ಆರು ತಿಂಗಳು ಚೆನ್ನಾಗಿ ಇರುತ್ತದೆ. ತೆರೆದ ಬಾಟ್ಲಿಯನ್ನು ಒಂದು ತಿಂಗಳಲ್ಲಿ ಮುಗಿಸಿ. ಫ್ರಿಜ್ ಇದ್ದವರು ಅದರಲ್ಲಿ ಇಡಲಿ. ಹಸಿ ಚಮಚ, ಎಂಜಲು ಚಮಚ ಹಾಕಬೇಡಿ. ಸುರಿದುಕೊಳ್ಳಿ.

ತಳದಲ್ಲಿ ಹರಳು ಕಂಡರೆ ಹೆದರಬೇಡಿ. ಅದು ಸಕ್ಕರೆ. ಬಾಟ್ಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿದರೆ ಕರಗುತ್ತದೆ. ಗುಳ್ಳೆ ಏಳುತ್ತಿದ್ದರೆ, ಮುಚ್ಚಳ ತೆಗೆದಾಗ ಬುಸ್ ಎಂದರೆ, ಹುಳಿ ವಾಸನೆ ಬಂದರೆ, ಮೇಲೆ ಬೂಸು ಕಂಡರೆ ಚೆಲ್ಲಿಬಿಡಿ. "ಮ್ಯಾಲಿನ ಬೂಸು ತಗದು ಕುದಿಸಿದರ ಆಯ್ತು" ಎಂದು ಹಿರಿಯರು ಹೇಳಬಹುದು. ಬೂಸು ಬಿಡುವ ಕೆಲವು ವಿಷ ಕುದಿಸಿದರೂ ಹೋಗುವುದಿಲ್ಲ.

ಹಸುಗೂಸಿಗೆ ಪಾಕ ನೆಕ್ಕಿಸಬೇಡಿ. ಆರು ತಿಂಗಳವರೆಗೆ ತಾಯಿಯ ಹಾಲು ಸಾಕು. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ಕೊಡಲೇಬಾರದು. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲವೂ ಸಕ್ಕರೆಯೇ. ಸಂಘದವರು ಪಾಕ ಮಾಡಿ ಮಾರುವುದಾದರೆ ಮೊದಲು ಆಹಾರ ಸುರಕ್ಷತೆಯ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. 2006ರ ಕಾಯ್ದೆ ಹಾಗೆ ಹೇಳುತ್ತದೆ.

ಬಾಟ್ಲಿಗೆ ಚೀಟಿ

ಬೆಲ್ಲದ ಪಾಕದ ಬಣ್ಣ ಕಂದು. ಹೊಲಕ್ಕೆ ಹೊಡೆಯುವ ಎಷ್ಟೋ ಎಣ್ಣಿಗಳ ಬಣ್ಣವೂ ಕಂದು. ಎರಡೂ ಒಂದೇ ಬಗೆಯ ಬಾಟ್ಲಿಯಲ್ಲಿ ಇದ್ದರೆ, ದೀಪ ಇಲ್ಲದ ಹೊತ್ತಿನಲ್ಲಿ ಬಾಯಾರಿದ ಹುಡುಗನಿಗೆ ಏನು ಗೊತ್ತಾಗುತ್ತದೆ? ಹೊಲದ ಎಣ್ಣಿ ಮನೆಯೊಳಗೆ ಬರಲೇಬಾರದು. ಬಂದರೂ ಅದರದೇ ಡಬ್ಬಿಯಲ್ಲಿ, ಬೀಗದೊಳಗೆ ಇರಬೇಕು.

ಪಾಕದ ಬಾಟ್ಲಿಗೆ ಚೀಟಿ ಅಂಟಿಸಿ. ಚೀಟಿಯನ್ನು ನೀವೇ ಬರೆಯಿರಿ. ಅಕ್ಷರ ಸೊಟ್ಟ ಆದರೂ ಪರವಾಗಿಲ್ಲ, ದೊಡ್ಡದಾಗಿ ಬರೆಯಿರಿ. ಮೊದಲ ಸಾಲಿನಲ್ಲಿ "ಬೆಲ್ಲದ ಪಾಕ". ಎರಡನೆಯ ಸಾಲಿನಲ್ಲಿ ತುಂಬಿದ ತಾರೀಖು, ತಿಂಗಳು, ವರ್ಷ. ಗಂಜಿ ಹಚ್ಚಿ ಅಂಟಿಸಿದರೆ ಜಿರಳೆ ತಿನ್ನುತ್ತವೆ. ಅಗಲವಾದ ಟೇಪು ಹಚ್ಚಿ. ಮನೆಯ ಮಕ್ಕಳಿಂದ ಅದನ್ನು ಓದಿಸಿ. ಚೀಟಿ ಇಲ್ಲದ ಬಾಟ್ಲಿಯಿಂದ ಯಾರೂ ಏನೂ ಕುಡಿಯಬಾರದು ಎಂದು ಮನೆಯಲ್ಲಿ ಕಟ್ಟು ಮಾಡಿ. ಗುಳೆ ಹೋಗುವಾಗ ಗಂಟಿನಲ್ಲಿ ಒಯ್ಯುವ ಬಾಟ್ಲಿಗೂ ಚೀಟಿ ಇರಲಿ. ಬೆಂಗಳೂರಿನ ಶೆಡ್ಡಿನಲ್ಲಿ ಹತ್ತು ಮನೆಯ ಸಾಮಾನು ಒಂದೇ ಕಡೆ ಇರುತ್ತದೆ.

ಯಾರಾದರೂ ತಪ್ಪಿ ಎಣ್ಣಿ ಕುಡಿದರೆ ಹೀಗಾಗುತ್ತದೆ: ಮೈ ಬೆವರುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಉಸಿರು ಕಟ್ಟುತ್ತದೆ. ಇವು ಕಾಣುವವರೆಗೆ ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಎಣ್ಣಿ ಚೆಲ್ಲಿದ ಬಟ್ಟೆ ಬಿಚ್ಚಿ ಮೈ ತೊಳೆಯಿರಿ. 108ಕ್ಕೆ ಫೋನ್ ಮಾಡಿ. ದವಾಖಾನೆಗೆ ಹೋಗುವಾಗ ಕುಡಿದ ಬಾಟ್ಲಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವ ವಿಷ ಎಂದು ಗೊತ್ತಾದರೆ ಡಾಕ್ಟರರು ಬೇಗ ಔಷಧ ಕೊಡುತ್ತಾರೆ.